ವಿಜಯನಗರದ ಪ್ರವಾಸವೃತ್ತಾಂತಗಳೂ ಪುರವರ್ಣನೆಯೂ

೧

ಹಳೆಯ ರಾಜಧಾನಿಗಳನ್ನೂ ಅರಮನೆ ದೇಗುಲಗಳನ್ನೂ ಕಂಡುಬಂದವರು ಬರೆದಿಟ್ಟ ವೃತ್ತಾಂತಗಳಿಗೆ ನಮ್ಮ ದೇಶದ ಚರಿತ್ರೆಯಲ್ಲಿ ಒಂದು ವಿಶಿಷ್ಟವಾದ ಸ್ಥಾನವುಂಟು. ಶಾಸನಗಳು ದಾನವನ್ನೂ ದಾನಿಯ ವಂಶವನ್ನೂ ಹೇಳಿ ಸುಮ್ಮನಾಗುತ್ತವೆ. ಕಾವ್ಯಗಳು ನಾಯಕನ ಪುರವನ್ನು ಅಮರಾವತಿಗೆ ಹೋಲಿಸಿ ತೃಪ್ತಿಪಡುತ್ತವೆ. ಸಂಜೆಯ ಸಂತೆಯಲ್ಲಿ ಏನು ಬಿಕರಿಯಾಗುತ್ತಿತ್ತು, ಅರಮನೆಯ ಬಾಗಿಲಲ್ಲಿ ಬಂದವರನ್ನು ಹೇಗೆ ತಡೆದು ಬಿಡುತ್ತಿದ್ದರು, ಕರಣಿಕನು ಕಚೇರಿಯಲ್ಲಿ ಯಾವುದರ ಮೇಲೆ ಬರೆಯುತ್ತಿದ್ದನು ಎಂಬ ಸಂಗತಿಗಳನ್ನು ಅರಿಯಬೇಕಾದರೆ ಹೊರಗಿನಿಂದ ಬಂದವನ ಬರಹವನ್ನೇ ತೆರೆಯಬೇಕಾಗುತ್ತದೆ. ಕನೋಜ ನಳಂದಗಳಿಗೆ ಹ್ಯೂಯೆನ್ ತ್ಸಾಂಗನು ಹೇಗೋ, ಮೊಗಲರ ದೆಹಲಿ ಆಗ್ರಾಗಳಿಗೆ ಬರ್ನಿಯರನು ಹೇಗೋ, ಹಾಗೆ ವಿಜಯನಗರಕ್ಕೆ ಅಬ್ದುಲ್ ರಜಾಕ್, ಡೊಮಿಂಗೊ ಪಾಯಸ್ ಮೊದಲಾದವರು ಸಾಕ್ಷಿಗಳಾಗಿ ನಿಂತಿದ್ದಾರೆ.

ಆದರೆ ಸಾಕ್ಷಿಯ ಮಾತನ್ನು ಕೇಳುವುದಕ್ಕೂ ಒಂದು ಕ್ರಮವುಂಟು. ವಿಜಯನಗರದ ವಿಷಯದಲ್ಲಿ ನಾವು ಆ ಕ್ರಮವನ್ನು ಅನುಸರಿಸಿರುವೆವೆಂದು ಹೇಳುವುದು ಕಷ್ಟ. ಆ ನಗರದ ಹೆಸರೆತ್ತಿದೊಡನೆ ಕನ್ನಡ ನಾಡಿನ ಯಾವ ವಿದ್ಯಾರ್ಥಿಯಾದರೂ ಹೇಳುವ ಮೊದಲ ಮಾತು ಇದು: ಅಲ್ಲಿ ಮುತ್ತುರತ್ನಗಳನ್ನು ಬೀದಿಯಲ್ಲಿ ರಾಶಿ ಸುರಿದು ಬಳ್ಳದಿಂದ ಅಳೆದು ಮಾರುತ್ತಿದ್ದರು. ಇದಕ್ಕೆ ಆಧಾರವೇನೆಂದು ಕೇಳಿದರೆ ವಿದೇಶೀಯ ಪ್ರವಾಸಿಗಳು ಕಣ್ಣಾರೆ ಕಂಡು ಬರೆದಿದ್ದಾರೆ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಹಂಪೆಯನ್ನು ನೋಡಲು ಹೋದವರು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬರಿದಾದ ಕಲ್ಲುಮಂಟಪಗಳ ಸಾಲನ್ನು ನೋಡುತ್ತಾರೆ. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಬೇರೇನೂ ಇಲ್ಲದೆ ಹಿಂದಿರುಗುತ್ತಾರೆ. ಈ ಪ್ರಸಿದ್ಧವಾದ ಮಾತು ಎಲ್ಲಿಂದ ಬಂದಿತು, ಪ್ರವಾಸಿಗಳು ನಿಜವಾಗಿ ಏನು ಹೇಳಿದ್ದಾರೆ, ಕಾವ್ಯ, ವೃತ್ತಾಂತ, ಶಿಲೆ ಎಂಬ ಮೂರು ಬಗೆಯ ಸಾಕ್ಷ್ಯವನ್ನು ಒಟ್ಟಿಗೆ ಓದುವ ಬಗೆ ಯಾವುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಮೊದಲು ರತ್ನರಾಶಿಯ ಮಾತನ್ನು ಪರಿಶೀಲಿಸೋಣ. ೧೪೪೩ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕನು, ಅರಮನೆಯ ಬಳಿಯ ಬಜಾರುಗಳಲ್ಲಿ ರತ್ನಪಡಿ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಾರೆಂದು ಹೇಳುತ್ತಾನೆ. ಬಜಾರಿನ ಕಸಬುದಾರರವರೆಗೆ ಜನರೆಲ್ಲರೂ ಒಡವೆಗಳನ್ನು ತೊಟ್ಟಿರುವುದನ್ನು ಕಂಡು ಅವನಿಗೆ ಆಶ್ಚರ್ಯವಾಗಿದೆ. ಸುಮಾರು ೧೫೨೦ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ನೋಡಿದ ಪೋರ್ಚುಗೀಸನಾದ ಪಾಯಸನು ಅಗಲವಾದ ಒಂದು ಬೀದಿಯನ್ನು ವರ್ಣಿಸಿ, ಅಲ್ಲಿ ಧನಿಕರಾದ ವರ್ತಕರು ವಾಸವಾಗಿರುವರೆಂದೂ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳೂ ಬಟ್ಟೆಗಳೂ ಅಲ್ಲಿ ದೊರೆಯುವುವೆಂದೂ ತಿಳಿಸುತ್ತಾನೆ. ಇಬ್ಬರ ಮಾತಿನಲ್ಲಿಯೂ ಮುಖ್ಯವಾದುದು ವ್ಯಾಪಾರವು ಬಚ್ಚಿಡದೆ ನಡೆಯುತ್ತಿದ್ದಿತೆಂಬುದು. ಇದು ರಾಜ್ಯದಲ್ಲಿ ನೆಲೆಸಿದ್ದ ನೆಮ್ಮದಿಗೆ ಸಾಕ್ಷಿ. ಬಳ್ಳದ ಅಳತೆ ಇದರಿಂದ ಹುಟ್ಟಿದುದಲ್ಲ.

ಹಾಗಾದರೆ ಅದು ಹುಟ್ಟಿದುದೆಲ್ಲಿ? ಈ ಪ್ರಶ್ನೆಗೆ ಉತ್ತರವನ್ನು ಕಾವ್ಯದಲ್ಲಿ ಹುಡುಕಬೇಕು. ಮಹಾಕಾವ್ಯದ ಲಕ್ಷಣವನ್ನು ಹೇಳುವಲ್ಲಿ ದಂಡಿಯು ವರ್ಣನೀಯ ವಿಷಯಗಳ ಮೊದಲಲ್ಲೇ ನಗರವನ್ನು ಹೇಳಿದ್ದಾನೆ. ಅಷ್ಟಾದಶ ವರ್ಣನೆಗಳನ್ನು ಒಪ್ಪಿಕೊಂಡ ನಮ್ಮ ಕವಿಗಳೂ ಪುರವರ್ಣನೆಯನ್ನು ಬಿಟ್ಟವರಲ್ಲ. ಪುರವೆಂದ ಮೇಲೆ ಕೋಟೆ, ಅಗಳು, ಉಪವನ, ವೇಶ್ಯಾವಾಟ, ವಿಪಣಿಮಾರ್ಗ. ವಿಪಣಿಮಾರ್ಗವೆಂದ ಮೇಲೆ ರತ್ನರಾಶಿ. ಬಾಣಭಟ್ಟನು ಕಾದಂಬರಿಯಲ್ಲಿ ಉಜ್ಜಯಿನಿಯನ್ನು ವರ್ಣಿಸುವಾಗ ಅದರ ನೀಳವಾದ ಅಂಗಡಿಬೀದಿಗಳಲ್ಲಿ ಶಂಖ, ಶುಕ್ತಿ, ಮುತ್ತು, ಹವಳ, ಮರಕತಗಳ ರಾಶಿಗಳನ್ನು ತೋರಿಸಿ, ಅವು ಅಗಸ್ತ್ಯನು ನೀರನ್ನೆಲ್ಲ ಕುಡಿದ ಮೇಲೆ ತಳ ಕಾಣುವ ಸಮುದ್ರಗಳಂತಿದ್ದುವೆಂದು ಹೇಳುತ್ತಾನೆ. ಮಾಘನು ಶಿಶುಪಾಲವಧದ ಮೂರನೆಯ ಸರ್ಗದಲ್ಲಿ ದ್ವಾರಕೆಯ ಅಂಗಡಿಬೀದಿಯಲ್ಲಿ ಒಟ್ಟಿದ್ದ ರತ್ನಗಳನ್ನು ಸಮುದ್ರವೇ ಜಲಮಾರ್ಗಗಳಿಂದ ಒಳಹೊಕ್ಕು ಅಪಹರಿಸಿ ರತ್ನಾಕರವೆನಿಸಿಕೊಂಡಿತೆಂದು ಚಮತ್ಕಾರಮಾಡುತ್ತಾನೆ. ಬಾಣನ ಕಥೆಯನ್ನು ಒಂದನೆಯ ನಾಗವರ್ಮನು ಕನ್ನಡಕ್ಕೆ ತಂದನು. ಮಾಘನನ್ನು ನಮ್ಮ ಪಂಡಿತರು ತಲೆಮಾರುಗಳಿಂದ ಪಾಠಹೇಳಿದರು. ಹೀಗೆ ವಿಜಯನಗರವು ಕಟ್ಟಲ್ಪಡುವುದಕ್ಕೆ ಅನೇಕ ಶತಮಾನಗಳ ಮೊದಲೇ ರತ್ನರಾಶಿಯ ಬೀದಿ ಭಾರತೀಯ ಕವಿಗಳ ಬಾಯಲ್ಲಿ ನೆಲೆಗೊಂಡಿದ್ದಿತು.

ಕನಕದಾಸರ ಮೋಹನತರಂಗಿಣಿಯ ವಿಷಯವು ಇಲ್ಲಿ ಬಹಳ ಮುಖ್ಯವಾದುದು. ಆ ಕಾವ್ಯದ ದ್ವಾರಾವತಿಯಲ್ಲಿ ವಿಜಯನಗರದ ವೈಭವವೇ ಪ್ರತಿಬಿಂಬಿಸಿದೆಯೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಈ ಅಭಿಪ್ರಾಯದಲ್ಲಿ ಹುರುಳಿದೆ. ಕವಿಯು ತಾನು ಕಂಡ ರಾಜಧಾನಿಯನ್ನು ಮರೆತು ದ್ವಾರಕೆಯನ್ನು ಕಲ್ಪಿಸಿಕೊಂಡಿರಲಾರನು. ಆದರೂ ದ್ವಾರಾವತಿಯ ಅಂಗಡಿಬೀದಿಯಲ್ಲಿ ರತ್ನ ಕಂಡೊಡನೆ ‘ಇದು ವಿಜಯನಗರವೇ ಸರಿ’ ಎಂದು ನಿರ್ಣಯಿಸುವುದು ಸಾಧುವಲ್ಲ. ಏಕೆಂದರೆ ಅದೇ ದ್ವಾರಕೆಯಲ್ಲಿ ಮಾಘನಿಗೂ ರತ್ನವೇ ಕಂಡಿದ್ದಿತು. ಮಾಘನು ವಿಜಯನಗರವನ್ನು ಕಂಡವನಲ್ಲ. ಪೂರ್ವಕವಿಗಳಿಂದ ಬಂದುದು ಯಾವುದೋ ಅದನ್ನು ಕಳೆದ ಬಳಿಕ ವರ್ಣನೆಯಲ್ಲಿ ಉಳಿಯುವುದೇ ಕವಿಯ ಸ್ವಂತ ಕಾಣ್ಕೆ. ಸಾಮಾಜಿಕ ಚರಿತ್ರೆಗೆ ಸಲ್ಲುವುದೂ ಅದೇ. ಈ ವ್ಯವಕಲನವನ್ನು ಮಾಡದೆ ಕಾವ್ಯವನ್ನು ಗೆಜೆಟಿಯರಿನಂತೆ ಬಳಸಿದರೆ ಎರಡು ಹಾನಿಗಳುಂಟು: ಚರಿತ್ರೆಗೆ ಇಲ್ಲದ ಆಧಾರ ಸೇರುತ್ತದೆ, ಕಾವ್ಯದ ಚಮತ್ಕಾರವು ವರದಿಯಾಗಿ ಇಳಿದುಹೋಗುತ್ತದೆ.

ನಮ್ಮ ಜನರ ನಾಲಗೆಯ ಮೇಲಿರುವ ಮಾತು ಹೀಗೆ ಎರಡು ಮೂಲಗಳ ಮಿಶ್ರಣವೆಂದು ತೋರುತ್ತದೆ. ಪ್ರಾಮಾಣ್ಯವನ್ನು ಪ್ರವಾಸಿಯಿಂದಲೂ ಅತಿಶಯವನ್ನು ಕವಿಯಿಂದಲೂ ಅದು ಪಡೆದಿದೆ. ಇದರಿಂದ ನಷ್ಟವಾದುದೇನೆಂಬುದನ್ನು ಪಾಯಸನೇ ತೋರಿಸುತ್ತಾನೆ. ರತ್ನಗಳನ್ನು ಹೇಳಿದ ಅದೇ ಬೀದಿಯಲ್ಲಿ ಪ್ರತಿದಿನ ಸಂಜೆ ಸಂತೆ ಸೇರುವುದೆಂದೂ, ಸಾಧಾರಣವಾದ ಕುದುರೆ ತಟ್ಟುಗಳೂ ಮಾದಳ, ನಿಂಬೆ, ಕಿತ್ತಳೆ, ದ್ರಾಕ್ಷಿಗಳೂ ತೋಟದ ಕಾಯಿಪಲ್ಯಗಳೂ ಸೌದೆಯೂ ಅಲ್ಲಿ ಮಾರಲ್ಪಡುವುವೆಂದೂ ಅವನು ಬರೆದಿದ್ದಾನೆ. ಯಾವ ಪುರವರ್ಣನೆಯೂ ಸೌದೆಯ ಹೊರೆಯನ್ನು ವಿಪಣಿಮಾರ್ಗದಲ್ಲಿ ಇಳಿಸುವುದಿಲ್ಲ. ಅದು ಕಂಡವನ ಮಾತು. ನಾವು ಮಾತ್ರ ರತ್ನವನ್ನು ಉಳಿಸಿಕೊಂಡು ನಿಂಬೆಯನ್ನೂ ಸೌದೆಯನ್ನೂ ಕಳೆದುಕೊಂಡಿದ್ದೇವೆ.

೩

ಕವಿಗೆ ಕವಿಸಮಯವಿರುವಂತೆ ಪ್ರವಾಸಿಗೆ ಅವನ ತವರೂರಿನ ಅಳತೆಗೋಲು ಇರುತ್ತದೆ. ಅಬ್ದುಲ್ ರಜಾಕನು ತೈಮೂರನ ಮಗನಾದ ಶಾಹರುಖನ ರಾಯಭಾರಿ. ಅವನ ಊರು ಹೀರಾತು. ಅರಮನೆಯಿದ್ದ ಒಳಕೋಟೆಯ ವಿಸ್ತಾರವನ್ನು ಹೇಳಬೇಕಾದಾಗ ಅವನು ಹೀರಾತಿನ ಬಜಾರನ್ನು ತಂದು, ಅದರ ಹತ್ತು ಪಾಲು ದೊಡ್ಡದೆನ್ನುತ್ತಾನೆ. ಪಾಯಸನಿಗೆ ಅದೇ ಅರಮನೆ ಲಿಸ್ಬನ್ನಿನ ಕೋಟೆಗಿಂತ ವಿಸ್ತಾರವಾಗಿ ಕಾಣುತ್ತದೆ. ನಗರವು ರೋಮಿನಷ್ಟು ದೊಡ್ಡದಾಗಿ ತೋರುತ್ತದೆ. ಈ ಹೋಲಿಕೆಗಳನ್ನು ನಮ್ಮ ಗ್ರಂಥಗಳಲ್ಲಿ ಹೆಮ್ಮೆಯಿಂದ ಎತ್ತಿಹೇಳುವುದುಂಟು. ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ, ಆದರೆ ಹೋಲಿಕೆಯು ಬರೆಯುವವನಿಗೂ ಅವನ ಊರಿನ ಓದುಗರಿಗೂ ನಡುವಣ ವ್ಯವಹಾರವೆಂಬುದನ್ನು ಮರೆಯಲಾಗದು. ಹೀರಾತನ್ನು ಕಾಣದ ನಮಗೆ ಹೀರಾತಿನ ಹತ್ತು ಪಾಲೆಂದರೆ ಎಷ್ಟೆಂದು ತಿಳಿಯುವುದಿಲ್ಲ.

ಮೇಲಾಗಿ, ಇವರು ಬರೆದುದು ನಮಗೆ ನೇರವಾಗಿ ಬಂದಿಲ್ಲ. ರಜಾಕನ ಪಾರಸಿ ಗ್ರಂಥದ ಭಾಗವೂ ಇಟಲಿಯ ನಿಕೊಲೊ ಕೊಂಟಿಯ ವೃತ್ತಾಂತವೂ ೧೮೫೭ರಲ್ಲಿ ಮೇಜರ್ ಎಂಬ ವಿದ್ವಾಂಸನ ಸಂಪಾದಕತ್ವದಲ್ಲಿ ಇಂಗ್ಲಿಷಿನಲ್ಲಿ ಹೊರಬಂದುವು. ಪಾಯಸ್ ಮತ್ತು ನ್ಯೂನಿಜರ ಪೋರ್ಚುಗೀಸ್ ಬರಹಗಳು ಪ್ಯಾರಿಸಿನ ಗ್ರಂಥಭಂಡಾರದ ಹಸ್ತಪ್ರತಿಯಿಂದ ೧೮೯೭ರಲ್ಲಿ ಡೇವಿಡ್ ಲೋಪೆಸನಿಂದ ಪ್ರಕಟವಾಗಿ, ೧೯೦೦ರಲ್ಲಿ ರಾಬರ್ಟ್ ಸಿವೆಲನ ‘ಎ ಫರ್ಗಾಟನ್ ಎಂಪೈರ್’ ಗ್ರಂಥದ ಮೂಲಕ ಇಂಗ್ಲಿಷಿಗೆ ಬಂದುವು. ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಓದುವುದು ಆ ಇಂಗ್ಲಿಷಿನ ಭಾಷಾಂತರವನ್ನು. ಕೊಂಟಿಯ ವಿಷಯದಲ್ಲಿ ಇನ್ನೊಂದು ತೆರೆಯೂ ಇದೆ. ಅವನು ಸುಮಾರು ೧೪೨೦ರಲ್ಲಿ ನಗರವನ್ನು ಕಂಡನು. ಊರಿಗೆ ಹಿಂದಿರುಗಿದ ಮೇಲೆ ಬಾಯಲ್ಲಿ ಹೇಳಿದುದನ್ನು ಪೋಪನ ಕಾರ್ಯದರ್ಶಿಯಾಗಿದ್ದ ಪೊಗ್ಗಿಯೊ ಲ್ಯಾಟಿನಿನಲ್ಲಿ ಬರೆದನು.

ಈ ವ್ಯತ್ಯಾಸಗಳು ಬರಿಯ ಪಾಂಡಿತ್ಯದ ವಿಷಯಗಳಲ್ಲವೆಂಬುದನ್ನು ನಗರದ ಅಳತೆಯ ಪ್ರಶ್ನೆಯೊಂದರಿಂದಲೇ ತೋರಿಸಬಹುದು. ಪೊಗ್ಗಿಯೊ ಬರೆದ ಕೊಂಟಿಯ ವೃತ್ತಾಂತದಲ್ಲಿ ನಗರದ ಸುತ್ತಳತೆ ೬೦ ಮೈಲಿ. ರಜಾಕನು ಹೊರಕೋಟೆಯ ಉತ್ತರದ ಬಾಗಿಲಿನಿಂದ ದಕ್ಷಿಣದ ಬಾಗಿಲಿಗೆ ಎರಡು ಫರ್ಸಖ್ ದೂರವೆಂದೂ ಪೂರ್ವಪಶ್ಚಿಮವಾಗಿಯೂ ಅಷ್ಟೇ ಎಂದೂ ಹೇಳುತ್ತಾನೆ. ೧೫೬೭ರಲ್ಲಿ, ಎಂದರೆ ರಕ್ಕಸತಂಗಡಿಯ ಯುದ್ಧವು ಮುಗಿದ ಎರಡು ವರ್ಷಗಳ ಮೇಲೆ, ಅಲ್ಲಿ ಏಳು ತಿಂಗಳು ಉಳಿದಿದ್ದ ವೆನಿಸ್ ನಗರದ ವರ್ತಕ ಸೀಸರ್ ಫ್ರೆಡರಿಕನು ಸುತ್ತಳತೆಯನ್ನು ೨೪ ಮೈಲಿ ಎಂದಿದ್ದಾನೆ. ಮೇಲುನೋಟಕ್ಕೆ ಇವು ಒಂದಕ್ಕೊಂದು ಹೊಂದದ ಮೂರು ಲೆಕ್ಕಗಳು. ಆದರೆ ಫರ್ಸಖ್ ಒಂದಕ್ಕೆ ಸುಮಾರು ಮೂರೂವರೆ ಮೈಲಿಯಂತೆ ಹಿಡಿದು ರಜಾಕನ ಅಡ್ಡಳತೆಯಿಂದ ವೃತ್ತದ ಸುತ್ತಳತೆಯನ್ನು ಗುಣಿಸಿ ನೋಡಿದರೆ ೨೨ ಮೈಲಿಯಾಗುತ್ತದೆ. ಮೈಲಿಯೂ ಫರ್ಸಖೂ ದೇಶದಿಂದ ದೇಶಕ್ಕೆ ಬೇರೆಬೇರೆಯಾದ ಅಳತೆಗಳಾಗಿದ್ದರೂ, ನೂರಿಪ್ಪತ್ತು ವರ್ಷಗಳ ಅಂತರದಲ್ಲಿ ಬಂದ, ಒಬ್ಬರ ಬರಹವನ್ನೊಬ್ಬರು ಕಂಡರೆಂದು ಭಾವಿಸಲು ಕಾರಣವಿಲ್ಲದ ಇಬ್ಬರ ಲೆಕ್ಕ ಇಷ್ಟು ಹತ್ತಿರವಾಗಿರುವುದು ಗಮನಾರ್ಹ. ಕೈದಾಟಿ ಬಂದ ಕೊಂಟಿಯ ಲೆಕ್ಕವೊಂದೇ ದೂರ ನಿಲ್ಲುತ್ತದೆ.

ಪಾಯಸನು ಏನು ಹೇಳುತ್ತಾನೆ? ಅವನ ಉತ್ತರವು ಈ ಎಲ್ಲ ವೃತ್ತಾಂತಗಳಲ್ಲಿಯೂ ಅತ್ಯಂತ ಪ್ರಾಮಾಣಿಕವಾದುದು. ನಗರದ ವಿಸ್ತಾರವನ್ನು ತಾನು ಬರೆಯುವುದಿಲ್ಲವೆಂದೂ, ಯಾವ ಒಂದು ಸ್ಥಳದಿಂದಲೂ ಅದು ಪೂರ್ತಿಯಾಗಿ ಕಾಣುವುದಿಲ್ಲವೆಂದೂ, ತಾನು ಒಂದು ಬೆಟ್ಟವನ್ನು ಹತ್ತಿ ನೋಡಿದರೂ ಗುಡ್ಡಗಳ ಸಾಲು ಅಡ್ಡವಾಗಿ ಒಂದು ಪಾಲು ಮಾತ್ರ ಕಂಡಿತೆಂದೂ ಅವನು ತಿಳಿಸುತ್ತಾನೆ. ರೋಮಿನ ಹೋಲಿಕೆ ಬರುವುದು ಹಾಗೆ ಕಂಡ ಪಾಲಿನ ವಿಷಯದಲ್ಲಿ. ಹಂಪೆಯ ಬಂಡೆಗುಡ್ಡಗಳ ನಡುವೆ ಮಾತಂಗ ಪರ್ವತವನ್ನೋ ಹೇಮಕೂಟವನ್ನೋ ಏರಿ ನಿಂತವರಿಗೆ ಈ ಮಾತಿನ ಸತ್ಯವು ಈಗಲೂ ಹೊಳೆಯುತ್ತದೆ. ಇದೇ ಪಾಯಸನು ಅರಸನ ಸೇನೆಯ ಸಂಖ್ಯೆಯನ್ನು ಹೇಳುವಾಗ ಹತ್ತು ಲಕ್ಷವೆಂದುಬಿಡುತ್ತಾನೆ. ಬೆಟ್ಟ ಹತ್ತಿ ನೋಡಬಹುದಾದುದನ್ನು ಅವನು ತೂಗಿ ಬರೆದನು; ಪರರ ಬಾಯಿಂದ ಕೇಳಿದುದನ್ನು ಕೇಳಿದಂತೆಯೇ ಬರೆದನು. ಆದುದರಿಂದ ‘ಪಾಯಸನು ನಂಬತಕ್ಕವನೇ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ‘ಪಾಯಸನ ಈ ವಾಕ್ಯವು ಕಂಡುದೋ ಕೇಳಿದುದೋ?’ ಎಂದು ವಾಕ್ಯವಾಕ್ಯಕ್ಕೂ ಕೇಳಬೇಕು. ೧೫೩೫-೩೭ರ ಸುಮಾರಿಗೆ ಬರೆದ ಕುದುರೆವ್ಯಾಪಾರಿ ನ್ಯೂನಿಜನಲ್ಲಿ ಕಂಡುದಕ್ಕಿಂತ ಕೇಳಿದುದರ ಭಾಗವೇ ಹೆಚ್ಚು. ರಾಜರ ಹಿಂದಣ ಕಥೆಗಾಗಿ ಅವನನ್ನು ಓದುವಾಗ ಈ ಎಚ್ಚರವು ಇಮ್ಮಡಿಯಾಗಿರಬೇಕು.

೪

ರಜಾಕನ ಗ್ರಂಥವನ್ನು ನಮ್ಮವರು ನೆನೆಯುವುದು ಮುಖ್ಯವಾಗಿ ಎರಡು ಮಾತುಗಳಿಗಾಗಿ. ಕಣ್ಣುಕಿವಿಗಳನ್ನು ಸಾಕ್ಷಿಗೆ ಕರೆದು ನಗರವು ಅನುಪಮವೆಂದು ಹೊಗಳುವುದು ಒಂದು. ಒಂದರೊಳಗೊಂದಾಗಿ ಏಳು ಕೋಟೆಗಳಿವೆಯೆಂಬುದು ಇನ್ನೊಂದು. ಮೊದಲನೆಯದು ಪಾರಸಿಯ ಆಸ್ಥಾನಗದ್ಯದ ಅಲಂಕಾರ. ನಮ್ಮ ಕವಿಯ ಅಮರಾವತಿಗೆ ಅದು ಸಮಾನ. ಎರಡನೆಯದರಲ್ಲಿ ಅವನು ಕೆಲವು ಸುತ್ತುಗಳ ನಡುವೆ ಹೊಲತೋಟಗಳನ್ನೂ ಒಳಸುತ್ತುಗಳಲ್ಲಿ ಅಂಗಡಿಗಳನ್ನೂ ಬೇರೆಬೇರೆಯಾಗಿ ಹೇಳಿರುವುದರಿಂದ ಅದು ಬರಿಯ ಹೊಗಳಿಕೆಯಲ್ಲ. ಆದರೆ ‘ಏಳು ಸುತ್ತಿನ ಕೋಟೆ’ ಎಂಬುದು ನಮ್ಮ ಜನರ ನುಡಿಗಟ್ಟೂ ಆಗಿರುವುದನ್ನು ನೆನೆದು, ಬೆಟ್ಟದ ಸಾಲುಗಳನ್ನೇ ಗೋಡೆಯಾಗಿ ಬಳಸಿಕೊಂಡ ಹಂಪೆಯ ನೆಲದಲ್ಲಿ ಏಳು ಪೂರ್ಣವಾದ ವೃತ್ತಗಳನ್ನು ಹುಡುಕುವ ಶ್ರಮವನ್ನು ಮಿತಗೊಳಿಸುವುದು ಲೇಸು.

ಆ ಗ್ರಂಥದಲ್ಲಿ ಕನ್ನಡಿಗರು ಬಂಗಾರದಂತೆ ಕಾಪಾಡಿಕೊಳ್ಳಬೇಕಾದ ಭಾಗವೊಂದು ಬೇರೆ ಇದೆ. ಅರಮನೆಯ ಲೆಕ್ಕದ ಕಚೇರಿಯನ್ನು ನೋಡಿದ ರಜಾಕನು ಈ ಜನರು ಎರಡು ವಿಧವಾಗಿ ಬರೆಯುವರೆಂದು ತಿಳಿಸುತ್ತಾನೆ. ಒಂದು ವಿಧದಲ್ಲಿ ಉದ್ದವಾಗಿಯೂ ಎರಡು ಬೆರಳಗಲವಾಗಿಯೂ ಇರುವ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀಚುತ್ತಾರೆ. ಇನ್ನೊಂದರಲ್ಲಿ ಬಿಳಿಯ ಮೈಯನ್ನು ಕಪ್ಪುಮಾಡಿ, ಲೇಖನಿಯಂತೆ ಕೊಯ್ದ ಮೆತ್ತನೆಯ ಕಲ್ಲಿನಿಂದ ಬರೆಯುತ್ತಾರೆ. ಕಪ್ಪಿನ ಮೇಲೆ ಅಕ್ಷರವು ಬೆಳ್ಳಗೆ ಮೂಡುತ್ತದೆ. ಈ ಬರಹವು ಬಹುಕಾಲ ಉಳಿಯುವುದರಿಂದ ಇದಕ್ಕೆ ಗೌರವ ಹೆಚ್ಚು. ವಾಚಕರಿಗೆ ಇದು ಏನೆಂದು ಹೇಳಬೇಕಾದುದಿಲ್ಲ. ಮೊದಲನೆಯದು ಓಲೆಗರಿ; ಎರಡನೆಯದು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಮಡಿಸಿ ಮಾಡಿದ ಕಡತ; ಮೆತ್ತನೆಯ ಕಲ್ಲು ನಮ್ಮ ಬಳಪ. ಶೃಂಗೇರಿಯ ಮಠದ ಲೆಕ್ಕಪತ್ರಗಳ ಕಡತಗಳು ಇಂದಿಗೂ ಉಳಿದಿವೆ. ಇಂದಿನ ಸರ್ಕಾರಿ ಕಚೇರಿಯಲ್ಲಿ ಕಾಗದಪತ್ರಗಳ ಕಟ್ಟನ್ನು ‘ಕಡತ’ವೆಂದು ಕರೆಯುವಾಗ ನಾವು ದೇವರಾಯನ ಕರಣಿಕರ ಮಾತನ್ನೇ ಆಡುತ್ತಿದ್ದೇವೆ.

ಈ ಭಾಗದ ಪ್ರಾಮಾಣ್ಯವನ್ನು ಪರೀಕ್ಷಿಸುವುದು ಸುಲಭ. ಕವಿಸಮಯದಲ್ಲಿ ಕಡತಕ್ಕೆ ಎಡೆಯಿಲ್ಲ. ಯಾವ ಕವಿಯೂ ಅಮರಾವತಿಯ ಲೆಕ್ಕದ ಕಚೇರಿಯನ್ನು ವರ್ಣಿಸಿದುದಿಲ್ಲ. ಪಾರಸಿಯ ಅಲಂಕಾರದಲ್ಲಿಯೂ ಅದು ಸೇರದು. ಹೀರಾತಿನ ಕಾಗದಕ್ಕೆ ಅಭ್ಯಾಸವಾದ ಕಣ್ಣಿಗೆ ವಿಚಿತ್ರವಾಗಿ ಕಂಡುದರಿಂದಲೇ ಅವನು ಅದನ್ನು ಬರೆದನು. ಜೊತೆಗೆ ಅವನು ಎಡವಿರುವುದೂ ಇಲ್ಲಿಯೇ. ಬಣ್ಣವಿಲ್ಲದ ಓಲೆಯ ಬರಹವು ಬಾಳುವುದಿಲ್ಲವೆಂದು ಅವನು ತಿಳಿದನು. ಮೂಡಬಿದಿರೆಯ ಧವಲಗ್ರಂಥದ ಓಲೆಗಳು ಎಂಟು ಶತಮಾನಗಳಿಗೂ ಮಿಗಿಲಾಗಿ ಬಾಳಿವೆ. ಕಂಡುದರ ವರದಿ ಸರಿ, ಅದರ ಮೇಲಣ ತೀರ್ಪು ತಪ್ಪು. ಪ್ರವಾಸಿಯ ಬರಹದಲ್ಲಿ ಈ ಎರಡನ್ನೂ ಬಿಡಿಸಿ ನೋಡಬಲ್ಲ ಓದುಗನಿಗೆ ತಪ್ಪೂ ಒಂದು ಬಗೆಯ ಪ್ರಯೋಜನವನ್ನೇ ಕೊಡುತ್ತದೆ: ಬಂದವನು ನಿಂತ ದೂರ ಎಷ್ಟೆಂಬುದು ತಿಳಿಯುತ್ತದೆ.

೫

ಈಗ ಶಿಲೆಯ ಸಾಕ್ಷ್ಯಕ್ಕೆ ಬರೋಣ. ಕಲ್ಲು ಸುಳ್ಳುಹೇಳದೆಂಬ ಮಾತುಂಟು. ಆದರೆ ಕಲ್ಲಿಗೆ ಹೆಸರಿಟ್ಟವರು ನಾವು. ಹಂಪೆಗೆ ಹೋದವರಿಗೆ ರಾಣಿಯರ ಅಂತಃಪುರ, ರಾಣಿಯ ಸ್ನಾನಗೃಹ, ಕಮಲಮಹಲು, ಆನೆಯ ಲಾಯ ಎಂದು ಒಂದೊಂದು ಕಟ್ಟಡವನ್ನು ತೋರಿಸುತ್ತಾರೆ. ಹನ್ನೊಂದು ಗುಮ್ಮಟಗಳ ಆ ಲಾಯವನ್ನೂ ಕಮಾನುಗಳ ಆ ಮಹಲನ್ನೂ ನೋಡಿ ಆನಂದಿಸದವರಿಲ್ಲ. ಆದರೂ ಈ ಹೆಸರುಗಳು ಬಹುಮಟ್ಟಿಗೆ ನಗರವು ಹಾಳಾದ ಎಷ್ಟೋ ಕಾಲದ ಮೇಲೆ ಸ್ಥಳೀಯರ ಮತ್ತು ಸಂಶೋಧಕರ ಊಹೆಯಿಂದ ಬಂದುವೇ ಹೊರತು ಶಾಸನದಿಂದ ಬಂದುವಲ್ಲ. ‘ರಾಣಿಯ ಸ್ನಾನಗೃಹ’ವು ಅಂತಃಪುರವೆಂದು ಹೇಳುವ ಪ್ರಾಕಾರದ ಹೊರಗೆ, ದೂರದಲ್ಲಿರುವುದೇ ಹೆಸರಿನ ಬಗೆಗೆ ಸಂದೇಹವನ್ನು ಹುಟ್ಟಿಸಬೇಕು.

ದೇವಾಲಯಗಳ ವಿಷಯ ಹೀಗಲ್ಲ. ಅಲ್ಲಿ ಶಾಸನವೇ ಮಾತನಾಡುತ್ತದೆ. ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂಬಂಧದಲ್ಲಿ ವಿರೂಪಾಕ್ಷನ ಗುಡಿಯ ರಂಗಮಂಟಪವಾದುದು ೧೫೧೦ರಲ್ಲಿ. ಉದಯಗಿರಿಯಿಂದ ತಂದ ಬಾಲಕೃಷ್ಣನ ಪ್ರತಿಷ್ಠೆ ೧೫೧೫ರಲ್ಲಿ. ಉಗ್ರವೆಂದು ಜನರು ಕರೆಯುವ ಲಕ್ಷ್ಮೀನರಸಿಂಹನ ಏಕಶಿಲಾಮೂರ್ತಿ ೧೫೨೮ರಲ್ಲಿ. ಇವು ಕಾವ್ಯದ ಹೋಲಿಕೆಯನ್ನಾಗಲಿ ಪ್ರವಾಸಿಯ ಊಹೆಯನ್ನಾಗಲಿ ಬೇಡದ ಸಂಗತಿಗಳು. ಅರಮನೆಗಳಿಗೆ ಇಂತಹ ಶಾಸನಗಳ ಬೆಂಬಲ ದುರ್ಲಭವಾದುದರಿಂದಲೇ ಅಲ್ಲಿ ಹೆಸರಿಡುವ ಆಸೆ ಬಲವಾಯಿತು.

ಅರಮನೆಯ ಆವರಣದಲ್ಲಿ ಗ್ರಂಥವೂ ಶಿಲೆಯೂ ಎದುರಾಗುವ ಪ್ರಸಂಗವೊಂದನ್ನು ನೋಡಬಹುದು. ನವರಾತ್ರಿಯ ಉತ್ಸವವನ್ನು ವರ್ಣಿಸುವ ಪಾಯಸನು ಅರಸನು ಕುಳಿತುಕೊಳ್ಳುವ ‘ವಿಜಯದ ಮನೆ’ಯೊಂದನ್ನು ಹೇಳಿ, ಅದು ಒಡ್ಡಿಯರ ಮೇಲಣ ಯುದ್ಧದಿಂದ ಅರಸನು ಹಿಂದಿರುಗಿದಾಗ ಕಟ್ಟಲ್ಪಟ್ಟಿತೆನ್ನುತ್ತಾನೆ. ಇಂದು ಮಹಾನವಮಿ ದಿಬ್ಬವೆಂದು ತೋರಿಸುವ ಎತ್ತರವಾದ ಜಗತಿಯೇ ಈ ಮನೆಯ ಸ್ಥಾನವೆಂದು ಸಂಶೋಧಕರು ಗುರುತಿಸಿದರು. ಅದರಿಂದ ದಿಬ್ಬವೆಲ್ಲವೂ ಕೃಷ್ಣದೇವರಾಯನ ಕಾಲದ್ದೆಂಬ ಭಾವನೆ ಹಬ್ಬಿತು. ಆದರೆ ಕಲ್ಲನ್ನು ಪದರಪದರವಾಗಿ ಪರೀಕ್ಷಿಸಿದ ಪುರಾತತ್ತ್ವಜ್ಞರು ಅದು ಒಂದೇ ಸಲ ಕಟ್ಟಿದುದಲ್ಲವೆಂದು ಕಂಡುಕೊಂಡಿದ್ದಾರೆ. ಬೇಟೆ, ಕುಣಿತ, ಕುದುರೆ, ಆನೆ, ಒಂಟೆಗಳ ಸಾಲುಗಳನ್ನು ಒರಟಾಗಿ ಕೆತ್ತಿದ ಕೆಳಗಣ ಕಣಶಿಲೆಯ ಹಂತಗಳು ರಾಜ್ಯದ ಮೊದಲ ಕಾಲದ ಶೈಲಿಯವು. ಪಶ್ಚಿಮದ ಕಡೆ ಹೊದಿಸಿದ ಕರಿಯ ಕಲ್ಲಿನ ನಯವಾದ ಕೆಲಸವು ಅನಂತರದ್ದು. ಪಾಯಸನು ಸುಳ್ಳುಹೇಳಿದನೆ? ಹಾಗಲ್ಲ. ದಿಬ್ಬದ ಮೇಲಿದ್ದ ಮನೆ ಹೊಸದಾಗಿರಬಹುದು; ಕೃಷ್ಣದೇವರಾಯನು ಹಳೆಯ ಜಗತಿಯನ್ನು ಬೆಳೆಸಿ ಹೊಸ ಹೆಸರಿನಿಂದ ಮೆರೆಸಿದ್ದಿರಬಹುದು. ಸಭೆಯಲ್ಲಿ ನಿಂತ ಪರದೇಶದವನಿಗೆ ಹಳೆಯ ಕಥೆಯನ್ನು ಯಾರೂ ಹೇಳಲಿಲ್ಲ. ಗ್ರಂಥವು ಒಂದು ಉತ್ಸವದ ಒಂಬತ್ತು ದಿನಗಳನ್ನು ಕಂಡಿದೆ. ಶಿಲೆಯು ಎರಡು ಶತಮಾನಗಳನ್ನು ಕಂಡಿದೆ.

ಇದಕ್ಕೆ ವಿರುದ್ಧವಾಗಿ ಶಿಲೆಯು ಹೇಳಲಾರದುದನ್ನು ಗ್ರಂಥವು ಉಳಿಸಿಕೊಟ್ಟ ಪ್ರಸಂಗವೂ ಉಂಟು. ಅರಮನೆಗಳಲ್ಲಿ ಇಂದು ಉಳಿದಿರುವುದು ಬಹುಶಃ ಅಧಿಷ್ಠಾನ ಮಾತ್ರ. ಮೇಲಿದ್ದ ಮರದ ಕಂಬ ತೊಲೆಗಳು ಸುಟ್ಟೋ ಶಿಥಿಲವಾಗಿಯೋ ಹೋದುವು. ಪಾಯಸನ ತಂಡವನ್ನು ಬಾಗಿಲಲ್ಲಿ ನಿಲ್ಲಿಸಿ, ತಲೆಯೆಣಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಒಳಗೆ ಅವನು ಗೋಡೆ ಕಂಬಗಳೆಲ್ಲವೂ ದಂತದಿಂದ ಮಾಡಿದ, ಗುಲಾಬಿ ತಾವರೆಗಳನ್ನು ಕೆತ್ತಿದ ಒಂದು ಕೋಣೆಯನ್ನು ನೋಡಿದನು. ಆ ಕೋಣೆಯ ಒಂದು ಚೂರೂ ಈಗ ಸ್ಥಳದಲ್ಲಿ ಕಾಣಸಿಗುವುದಿಲ್ಲ. ಬರಿಯ ಕಲ್ಲುಜಗತಿಯನ್ನು ನೋಡಿ ‘ಇಷ್ಟೇ ಅರಮನೆಯೆ?’ ಎಂದು ನಿರಾಶರಾಗುವವರು ಈ ಪುಟವನ್ನು ಓದಬೇಕು. ಇನ್ನು ೧೯೮೦ರ ದಶಕದ ಉತ್ಖನನದಲ್ಲಿ ಹೊರಬಂದ, ಕರಿಯ ಕಲ್ಲಿನ ಮೆಟ್ಟಿಲುಗಳ ಸುಂದರವಾದ ಪುಷ್ಕರಣಿಯು ಯಾವ ಗ್ರಂಥದ ಸಹಾಯವಿಲ್ಲದೆ ನಮಗೆ ದೊರೆತ ವಸ್ತು. ಅದರ ಕಲ್ಲುಕಲ್ಲಿನ ಮೇಲೂ ಜೋಡಿಸುವ ಕ್ರಮವನ್ನು ಸೂಚಿಸುವ ಶಿಲ್ಪಿಗಳ ಗುರುತುಗಳಿವೆ. ಪ್ರವಾಸಿಗಳೂ ಕವಿಗಳೂ ಬಿಟ್ಟುಬಿಟ್ಟ ಕೆಲಸಗಾರನ ಕೈ ಅಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ.

೬

ಕೊನೆಯದಾಗಿ ನಗರದ ಅಂತ್ಯದ ವಿಷಯ. ೧೫೬೫ರ ಜನವರಿಯ ಸೋಲಿನ ಅನಂತರ ಬೆಂಕಿ ಕೊಡಲಿ ಹಾರೆಗಳಿಂದ ನಗರವು ನೆಲಸಮವಾಯಿತೆಂಬ ಚಿತ್ರವನ್ನು ಸಿವೆಲನು ಉಜ್ಜ್ವಲವಾಗಿ ಬರೆದನು; ನಮ್ಮ ಕಾದಂಬರಿ ನಾಟಕಗಳು ಅದನ್ನು ಇನ್ನೂ ಉಜ್ಜ್ವಲಗೊಳಿಸಿದುವು. ಲೂಟಿಯೂ ಬೆಂಕಿಯೂ ನಿಜ. ಅರಮನೆಯ ಆವರಣದಲ್ಲಿ ಸುಟ್ಟ ಗುರುತುಗಳು ಸಿಕ್ಕಿವೆ. ಆದರೂ ಸೋಲಿನ ಅನಂತರ ಕಣ್ಣಾರೆ ಕಂಡ ಫ್ರೆಡರಿಕನ ಮಾತೇ ಬೇರೆ: ನಗರವು ಪೂರ್ತಿಯಾಗಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ. ಹುಲಿಗಳೂ ಕಾಡುಮೃಗಗಳೂ ಅವುಗಳಲ್ಲಿ ವಾಸಿಸುತ್ತಿವೆಯೆಂಬುದನ್ನು ಮಾತ್ರ ಅವನು ಜನರು ಹೇಳುವರೆಂದು ಸೇರಿಸುತ್ತಾನೆ. ಒಂದೇ ವಾಕ್ಯದಲ್ಲಿ ಕಂಡುದು ಮತ್ತು ಕೇಳಿದುದು ಎರಡನ್ನೂ ಅವನೇ ಬೇರ್ಪಡಿಸಿ ಕೊಟ್ಟಿದ್ದಾನೆ. ತಿರುಮಲರಾಯನು ನಗರವನ್ನು ಮತ್ತೆ ನೆಲೆಗೊಳಿಸಲು ಯತ್ನಿಸಿ, ಅದು ಕೈಗೂಡದೆ ಪೆನುಗೊಂಡೆಗೆ ಹೋದನೆಂಬುದನ್ನೂ ಅವನಿಂದ ತಿಳಿಯುತ್ತೇವೆ. ಒಂದು ರಾಜಧಾನಿ ಸಾಯುವುದು ಕೊಡಲಿಯ ಏಟಿನಿಂದ ಮಾತ್ರವಲ್ಲ. ದೊರೆ, ಕಚೇರಿ, ವರ್ತಕರು, ಕುದುರೆಯ ವ್ಯಾಪಾರ ಇವೆಲ್ಲವೂ ಬೇರೆಡೆಗೆ ಹೋದಾಗ ನಿಂತ ಮನೆಗಳೂ ಹಾಳಾಗುತ್ತವೆ.

ಆದರೆ ವಿಜಯನಗರವು ಹಾಳಾದಾಗ ಹಂಪೆ ಹಾಳಾಗಲಿಲ್ಲ. ವಿದೇಶೀಯರ ಬರಹಗಳನ್ನೇ ಹಿಡಿದು ನೋಡುವವರಿಗೆ ಈ ಭೇದ ಹೊಳೆಯುವುದಿಲ್ಲ. ಹೀರಾತಿನವನಿಗೂ ಲಿಸ್ಬನ್ನಿನವನಿಗೂ ಅದು ಒಬ್ಬ ಬಲಿಷ್ಠನಾದ ರಾಜನ ಪಟ್ಟಣ. ಕನ್ನಡಿಗರಿಗೆ ಅದು ರಾಜ್ಯವು ಹುಟ್ಟುವುದಕ್ಕೆ ಮೊದಲೇ ಪಂಪಾಕ್ಷೇತ್ರ. ಹರಿಹರನು ಪಂಪಾಶತಕದಲ್ಲಿ ವಿರೂಪಾಕ್ಷನಿಗೆ ಮೊರೆಯಿಟ್ಟ ಸ್ಥಳ. ಸಾಮ್ರಾಜ್ಯವು ಬಂದು ಹೋದ ಮೇಲೂ ವಿರೂಪಾಕ್ಷನ ಪೂಜೆ ನಡೆಯುತ್ತಿದೆ. ಆ ಗುಡಿಯ ಮುಂದಣ ಬೀದಿಯಲ್ಲಿ ಮೊಗಸಾಲೆಗಳಿಂದ ಕೂಡಿದ ಚೆಲುವಾದ ಮನೆಗಳಿದ್ದು ಯಾತ್ರಿಕರು ಅವುಗಳಲ್ಲಿ ಇಳಿದುಕೊಳ್ಳುತ್ತಿದ್ದರೆಂದು ಪಾಯಸನು ಬರೆದಿದ್ದಾನೆ. ಇಂದು ಆ ಬೀದಿಯ ಮಂಟಪಗಳು ಬರಿದಾಗಿರುವುದನ್ನು ನೋಡಿದವರು ಅದೂ ೧೫೬೫ರ ಕೆಲಸವೆಂದು ಭಾವಿಸುತ್ತಾರೆ. ನಿಜವಾಗಿ ಈಚಿನ ಕಾಲದವರೆಗೆ ಅಲ್ಲಿ ಸಂಸಾರಗಳೂ ಅಂಗಡಿಗಳೂ ಇದ್ದುವು; ಸ್ಮಾರಕಗಳ ರಕ್ಷಣೆಯ ಕಾರಣದಿಂದ ಅವರನ್ನು ಎಬ್ಬಿಸಿದುದು ೨೦೧೧ರಲ್ಲಿ. ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಥಳವನ್ನು ಕಾಪಾಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಬರಿದಾದ ಬೀದಿಯನ್ನು ನಾವು ಯಾವ ಕಾಲದ ಬರಿದೆಂದು ಓದುತ್ತೇವೆಂಬುದು ಚರಿತ್ರೆಯ ಪ್ರಶ್ನೆ. ಅದಕ್ಕೆ ತಪ್ಪು ಉತ್ತರವನ್ನು ಕೊಡುವ ಹಕ್ಕು ನಮಗಿಲ್ಲ.

ಈ ವಿಚಾರದಿಂದ ಸಾಹಿತ್ಯವನ್ನು ಪಾಠಹೇಳುವವರಿಗೆ ದೊರೆಯುವ ಸೂಚನೆ ಸರಳವಾದುದು. ಕಾವ್ಯದಿಂದ ಕವಿಸಮಯವನ್ನೂ, ವೃತ್ತಾಂತದಿಂದ ಪ್ರವಾಸಿಯ ತವರಿನ ಅಳತೆಯನ್ನೂ ಕೇಳಿದ ಮಾತನ್ನೂ, ಶಿಲೆಯಿಂದ ನಾವು ಇಟ್ಟ ಹೆಸರನ್ನೂ ಕಳೆದು ನೋಡಬೇಕು. ಕಳೆದುದನ್ನು ಎಸೆಯಬೇಕಾದುದಿಲ್ಲ. ಕವಿಸಮಯವು ಕಾವ್ಯದ ಪಾಠದಲ್ಲಿ ರಸಕ್ಕೆ ಸಲ್ಲುತ್ತದೆ. ಅಳತೆಗೋಲು ಅದನ್ನು ಹಿಡಿದವನ ಮನಸ್ಸನ್ನು ತಿಳಿಸುತ್ತದೆ. ಹೆಸರು ಜನರ ನೆನಪಿನ ಕಥೆಯನ್ನು ಹೇಳುತ್ತದೆ. ಉಳಿದುದನ್ನು ಒಂದರ ಪಕ್ಕದಲ್ಲೊಂದು ಇಟ್ಟು ತೂಗಿದರೆ ವಿಜಯನಗರದ ವೈಭವಕ್ಕೆ ಯಾವ ಕುಂದೂ ಬಾರದು. ಇಪ್ಪತ್ತು ಮೈಲಿಗೂ ಮಿಕ್ಕ ಸುತ್ತಳತೆಯ, ಸಂಜೆಯ ಸಂತೆಯಲ್ಲಿ ನಿಂಬೆಯನ್ನೂ ಸೌದೆಯನ್ನೂ ಮಾರುತ್ತಿದ್ದ, ಲೆಕ್ಕವನ್ನು ಕರಿಯ ಕಡತದಲ್ಲಿ ಬಿಳಿಯ ಅಕ್ಷರಗಳಿಂದ ಇಡುತ್ತಿದ್ದ ಆ ನಗರವು ಬಳ್ಳದಿಂದ ರತ್ನ ಅಳೆದ ನಗರಕ್ಕಿಂತ ನಮಗೆ ಹತ್ತಿರವಾದುದು. ಹಂಪೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಉಪಾಧ್ಯಾಯರು ಅಂಗಡಿಬೀದಿಯಲ್ಲಿ ನಿಂತು ರತ್ನದ ಮಾತನ್ನು ಹೇಳುವಾಗ ಕಡತದ ಮಾತನ್ನೂ ಸೇರಿಸಿ ಹೇಳುವುದಾದರೆ ಈ ಲೇಖನದ ಉದ್ದೇಶವು ನೆರವೇರಿದಂತಾಗುವುದು.